ಅಣ್ಣನ ಚಾಗಸ್ ಕಾಯಿಲೆಗೆ ಆರ್‌ಎನ್‌ಎ ಟೆಸ್ಟ್ ಬೇಕಾ?

ನಮಸ್ಕಾರ ಸರ್. ಬ್ರೆಜಿಲ್‌ನಲ್ಲಿ ಕೆಲಸ ಮಾಡಿ ಮಂಡ್ಯಕ್ಕೆ ವಾಪಸ್ ಬಂದ ನಿಮ್ಮ ಅಣ್ಣನಿಗೆ ಚಾಗಸ್ (ಕೀಟದಿಂದ ಹರಡುವ ಪರಾವಲಂಬಿಯಿಂದ ಬರುವ ಕಾಯಿಲೆ) ಪಾಸಿಟಿವ್ ಬಂದಿದೆ, ಮೈಕ್ರೋ ಆರ್‌ಎನ್‌ಎ (ಜೀವಕೋಶದಲ್ಲಿರುವ ಒಂದು ಬಗೆಯ ಪುಟ್ಟ ಅಣು) ಟೆಸ್ಟ್ ಮಾಡಿಸಿದರೆ ಹಾರ್ಟ್‌ಗೆ ಏಟು ಬಿದ್ದಿದೆಯಾ ಗೊತ್ತಾಗುತ್ತಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಅದನ್ನು ನಂಬಿ ಕೂರಬೇಡಿ. ಅದಿನ್ನೂ ಸಂಶೋಧನೆಯ ಹಂತದಲ್ಲೇ ಇದೆ.

ಈ ಪುಟ್ಟ ಆರ್‌ಎನ್‌ಎಗಳು ಪ್ರೋಟೀನ್ ಮಾಡೋದಿಲ್ಲ, ಬೇರೆ ಜೀನ್‌ಗಳನ್ನು ಹಿಡಿತದಲ್ಲಿ ಇಡುತ್ತವೆ. ಅದರಲ್ಲಿ ಮಿಆರ್-208ಎ ಅನ್ನೋದು ಹೆಚ್ಚುಕಮ್ಮಿ ಹೃದಯದ ಸ್ನಾಯುವಿನಲ್ಲಷ್ಟೇ ಇರುತ್ತದೆ, ಹಾಗಾಗಿ ರಕ್ತದಲ್ಲಿ ಅದು ಜಾಸ್ತಿ ಸಿಕ್ಕರೆ ಹೃದಯದ ಜೀವಕೋಶಗಳಿಗೆ ಪೆಟ್ಟಾಗಿರಬಹುದು ಅಂತ ಲೆಕ್ಕ. ತೊಂದರೆ ಏನಂದ್ರೆ, ಮಾಮೂಲಿ ಹಾರ್ಟ್ ಅಟ್ಯಾಕ್‌ನಲ್ಲೂ ಅದು ಏರುತ್ತದೆ. ಪರಾವಲಂಬಿಯಿಂದಲೇ ಆದದ್ದು ಅಂತ ಅದೊಂದರಿಂದ ಹೇಳೋಕಾಗಲ್ಲ.

ಮೊದಲು ಇಸಿಜಿ, ಎಕೋ ಮಾಡಿಸಿ. ಮೈಸೂರಿನ ಜಯದೇವದಲ್ಲಿ ಎರಡೂ ಆಗುತ್ತವೆ. ಇಸಿಜಿಯಲ್ಲಿ ರೈಟ್ ಬಂಡಲ್ ಬ್ರಾಂಚ್ ಬ್ಲಾಕ್ (ಹೃದಯದ ಬಲಭಾಗಕ್ಕೆ ವಿದ್ಯುತ್ ಸಂಕೇತ ಹೋಗೋದಕ್ಕೆ ಅಡ್ಡಿ) ಇದೆಯಾ ಅಂತ ಕೇಳಿ, ಚಾಗಸ್‌ನಲ್ಲಿ ಅದು ಜಾಸ್ತಿ ಕಾಣುತ್ತದೆ. ನಮ್ಮ ಕಡೆ ಈ ಕಾಯಿಲೆ ತೀರಾ ಅಪರೂಪ, ಅದಕ್ಕೇ ಬ್ರೆಜಿಲ್‌ನಲ್ಲಿದ್ದ ವಿಷಯವನ್ನು ಡಾಕ್ಟರಿಗೆ ನೀವೇ ಮೊದಲು ಹೇಳಿಬಿಡಿ. ಪರಾವಲಂಬಿಯನ್ನು ಕೊಲ್ಲುವ ಬೆಂಜ್‌ನಿಡಜೋಲ್ ಮಾತ್ರೆ ಬೇಕಾ ಅಂತಲೂ ಕೇಳಿ. ಸೋಂಕು ತಗುಲಿದವರಲ್ಲಿ ಸುಮಾರು 30% ಜನಕ್ಕೆ ಎಷ್ಟೋ ವರ್ಷ ಆದ ಮೇಲೆ ಹೃದಯದ ತೊಂದರೆ ಶುರುವಾಗುತ್ತದೆ, ಈಗ ನಾರ್ಮಲ್ ಬಂದರೂ ವರ್ಷಕ್ಕೊಮ್ಮೆ ಇಸಿಜಿ ತಪ್ಪಿಸಬೇಡಿ.