ಚಿಕ್ಕಂದಿನಲ್ಲಿ ಅಮ್ಮ (ಚಿಕನ್‌ಪಾಕ್ಸ್) ಆಗಿದ್ದವರಿಗೆ ವಯಸ್ಸಾದ ಮೇಲೆ ಸರ್ಪಸುತ್ತು ಯಾಕೆ ಬರುತ್ತದೆ?

ಒಮ್ಮೆ ಅಮ್ಮ ಆದರೆ ಮತ್ತೆ ಬರಲ್ಲ ಅಂತಾರೆ, ಹಾಗಿದ್ದರೆ ಅದೇ ವೈರಸ್ಸಿನಿಂದ ನಮ್ಮ ತಂದೆಗೆ 64ನೇ ವಯಸ್ಸಿನಲ್ಲಿ ಸರ್ಪಸುತ್ತು ಹೇಗೆ ಬಂತು ಅಂತ ಕೇಳಿದ್ದೀರಿ. ಅದು ಹೊರಗಿನಿಂದ ಬಂದದ್ದಲ್ಲ. ಇಷ್ಟು ವರ್ಷವೂ ಅವರ ಮೈಯಲ್ಲೇ ಇತ್ತು.

ನಾನು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ಈ ವೈರಸ್ಸಿನ ಹೆಸರು ವ್ಯಾರಿಸೆಲ್ಲಾ ಜೋಸ್ಟರ್, ಹರ್ಪಿಸ್ ಕುಟುಂಬದ್ದು. ಸಾಮಾನ್ಯವಾಗಿ ವೈರಸ್ ಹೊಕ್ಕ ಜೀವಕೋಶ ಅದರ ಒಂದು ಚೂರನ್ನು ತನ್ನ ಮೈಮೇಲೆ ತೋರಿಸುತ್ತದೆ. ರೋಗದಿಂದ ಕಾಯುತ್ತ ಗಸ್ತು ತಿರುಗುವ ಟಿ-ಕೋಶಗಳೆಂಬ ರಕ್ಷಣಾ ಕೋಶಗಳು ಅದನ್ನು ನೋಡಿ ಆ ಕೋಶವನ್ನೇ ಮುಗಿಸುತ್ತವೆ. ಚಿಕನ್‌ಪಾಕ್ಸ್ ವೈರಸ್ ಆ ಚೂರು ಹೊತ್ತು ತರುವ ಪ್ರೋಟೀನನ್ನು ಕೋಶದ ಒಳಗೇ ತಡೆದು ಹಿಡಿಯುತ್ತದೆ. ಗಸ್ತಿನವರಿಗೆ ಏನೂ ಕಾಣುವುದಿಲ್ಲ.

ಗುಳ್ಳೆ ಒಣಗಿ, ಬೇವಿನ ಸೊಪ್ಪಿನ ನೀರಲ್ಲಿ ಸ್ನಾನ ಮಾಡಿಸಿದಾಗ ಎಲ್ಲ ಹೋಯಿತು ಅಂದುಕೊಳ್ಳುತ್ತೇವೆ. ಅಷ್ಟರಲ್ಲಿ ವೈರಸ್ ನರಗಳನ್ನು ಹಿಡಿದು ಬೆನ್ನುಹುರಿಯ ಪಕ್ಕದ ನರಗಂಟು, ಅಂದರೆ ನರಕೋಶಗಳ ಗುಂಪು, ಸೇರಿರುತ್ತದೆ. ಎಂಥ ಜಾಗ ನೋಡಿ! ನರಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ, ಹಾಗಾಗಿ ದೇಹ ಅದನ್ನು ಸುಲಭವಾಗಿ ಕೊಲ್ಲಲು ಹೋಗುವುದಿಲ್ಲ. ವೈರಸ್ಸೂ ಅಲ್ಲಿ ಹೆಚ್ಚುಕಡಿಮೆ ಏನೂ ಮಾಡದೆ ಸುಮ್ನೆ ಬಿದ್ದಿರುತ್ತದೆ. ಇಂಗ್ಲೆಂಡಿನ ಸೈರೆನ್ಸೆಸ್ಟರ್ ಊರಿನ ಡಾಕ್ಟರ್ ಎಡ್ಗರ್ ಹೋಪ್-ಸಿಂಪ್ಸನ್ ತಮ್ಮ ರೋಗಿಗಳನ್ನೇ ವರ್ಷಗಟ್ಟಲೆ ಗಮನಿಸಿ, 1965ರಲ್ಲೇ ಇದನ್ನು ಊಹಿಸಿದ್ದರು. ವಯಸ್ಸಾಗಿ ಟಿ-ಕೋಶಗಳ ಕಾವಲು ಸಡಿಲವಾದಾಗ ವೈರಸ್ ಎದ್ದು, ಅದೇ ನರದಲ್ಲಿ ಇಳಿದು ಚರ್ಮಕ್ಕೆ ಬರುತ್ತದೆ.

ನನ್ನ ತಾಯಿಗೆ ಎಡಪಕ್ಕೆಯಲ್ಲಿ ಉರಿ ಶುರುವಾಯಿತು. ರವಿಕೆ ತಾಗಿದರೂ ಅಯ್ಯೋ ಅನ್ನುತ್ತಿದ್ದರು. ಉಳುಕಿರಬೇಕು ಅಂತ ಮುಲಾಮು ಹಚ್ಚಿದೆ. ಮೂರು ದಿನದ ಮೇಲೆ ನೀರು ತುಂಬಿದ ಗುಳ್ಳೆಗಳ ಸಾಲು ಎದ್ದಿತು. ಬೆನ್ನುಮೂಳೆಯಿಂದ ಹೊರಟು ಎದೆಯ ನಡುವೆ ಗೆರೆ ಎಳೆದಂತೆ ನಿಂತಿತ್ತು. ಪಕ್ಕದ ಮನೆಯವರು ಕೆಮ್ಮಣ್ಣು ಹಚ್ಚಿ, ತಲೆ ಬಾಲ ಕೂಡಿದರೆ ಜೀವಕ್ಕೇ ಅಪಾಯ ಅಂದರು. ತಾಯಿ ಹೆದರಿ ರಾತ್ರಿಯಿಡೀ ಇನ್ನೊಂದು ಪಕ್ಕೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ನರಗಂಟು ಇರುತ್ತದೆ. ವೈರಸ್ ಸಾಮಾನ್ಯವಾಗಿ ಒಂದರಲ್ಲೇ ಏಳುವುದರಿಂದ ಗುಳ್ಳೆಗಳು ನಡುವಿನ ಗೆರೆ ದಾಟುವುದು ಅಪರೂಪ. ಇದನ್ನು ಅವರಿಗೆ ಮೊದಲ ರಾತ್ರಿಯೇ ಬಿಡಿಸಿ ಹೇಳಬೇಕಿತ್ತು.

ಕೆಮ್ಮಣ್ಣಿನಲ್ಲೇ ನಮಗೆ ಎರಡು ದಿನ ಹೋಯಿತು. ವೈರಸ್ ತಡೆಯುವ ಎಸೈಕ್ಲೋವಿರ್‌ನಂಥ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಕೆಲಸ ಮಾಡುತ್ತದೆ. ಚರ್ಮ ವಾಸಿಯಾದರೂ ತಾಯಿಯ ನರದ ನೋವು ಎಂಟು ತಿಂಗಳು ಬಿಡಲಿಲ್ಲ. ನಿಮ್ಮ ತಂದೆಗೂ ನೋವು ಉಳಿದರೆ ಸಹಿಸಿಕೊಳ್ಳಲು ಬಿಡಬೇಡಿ, ಅದಕ್ಕೆ ಬೇರೆ ಔಷಧಿ ಇದೆ. ಗುಳ್ಳೆ ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಎದ್ದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. 50 ದಾಟಿದವರಿಗೆ ಲಸಿಕೆಯೂ ಇದೆ, ಎರಡು ಡೋಸ್. ನಿಮ್ಮ ತಾಯಿಗೆ ಕೊಡಿಸುವ ಬಗ್ಗೆ ಡಾಕ್ಟರನ್ನು ಕೇಳಿ.

ಮನೆಯಲ್ಲಿ ಅಮ್ಮ ಆಗದ, ಚಿಕನ್‌ಪಾಕ್ಸ್ ಲಸಿಕೆ ಹಾಕಿಸದ ಮಗು ಇದೆಯಾ? ಗುಳ್ಳೆಯ ನೀರು ತಾಗಿದರೆ ಅದಕ್ಕೆ ಸರ್ಪಸುತ್ತು ಬರುವುದಿಲ್ಲ, ಚಿಕನ್‌ಪಾಕ್ಸ್ ಬರಬಹುದು. ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ತಾತನ ಟವೆಲ್, ಹಾಸಿಗೆ ಬೇರೆ ಇಡಿ.