ಕೋವಿಡ್ ಕಾಲದ ತೀರ್ಪು ತೋರಿಸಿದರೆ ಅಣ್ಣನನ್ನು ಬಿಡುತ್ತಾರಾ?

ನಿಮ್ಮಣ್ಣ ಅಮೆರಿಕದ ಇಮಿಗ್ರೇಷನ್ ಡಿಟೆನ್ಷನ್ ಸೆಂಟರ್‌ನಲ್ಲಿದ್ದಾರೆ, ಶುಗರ್ ಇದೆ, ಒಳಗೆ ಜ್ವರ ಹರಡುತ್ತಿದೆ, ಕೋವಿಡ್ ಕಾಲದ ತೀರ್ಪು ಸಾಕಾ ಅಂತ ಕೇಳಿದ್ದೀರಿ. ಸಾಕಾಗಲ್ಲ. 2020ರಲ್ಲಿ ನಾವೂ ಅದನ್ನೇ ನಂಬಿ ಕೂತಿದ್ದೆವು. ಒಳಗಿದ್ದವನು ನನ್ನ ತಮ್ಮ, ಅವನಿಗೆ ಆಸ್ತಮಾ.

ಆ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟ್ ಫ್ರೈಹತ್ ಕೇಸಿನಲ್ಲಿ (ಡಿಟೆನ್ಷನ್‌ನಲ್ಲಿದ್ದವರು ಇಮಿಗ್ರೇಷನ್ ಇಲಾಖೆ ಮೇಲೆ ಹಾಕಿದ ಕೇಸು) ಇಡೀ ದೇಶಕ್ಕೆ ಆದೇಶ ಕೊಟ್ಟಿತು. 55 ದಾಟಿದವರು, ಗರ್ಭಿಣಿಯರು, ಶುಗರ್, ಬಿಪಿ, ಉಸಿರಾಟದ ತೊಂದರೆ ಇರುವವರನ್ನು ಗುರುತಿಸಿ, ಅವರನ್ನು ಒಳಗಿಡುವುದು ಬೇಕಾ ಅಂತ ಮತ್ತೆ ಪರಿಶೀಲಿಸಿ ಅಂತ. ಎಲ್ಲರನ್ನೂ ಬಿಡಿ ಅಂತ ಹೇಳಿರಲಿಲ್ಲ. 2021ರಲ್ಲಿ ಮೇಲಿನ ಕೋರ್ಟ್ ಅದನ್ನೂ ರದ್ದು ಮಾಡಿತು.

ತಮ್ಮನಿಗೆ ಬಿಡುಗಡೆ ಸಿಗದಾಗ ಹೇಬಿಯಸ್ ಕಾರ್ಪಸ್, ಅಂದರೆ ಈ ಬಂಧನ ಕಾನೂನುಬದ್ಧವಾ ಅಂತ ಕೋರ್ಟ್ ನೋಡಬೇಕು ಅನ್ನುವ ಅರ್ಜಿ, ಹಾಕಿದೆವು. ಬಂಕ್ ಹಾಸಿಗೆಗಳ ನಡುವೆ ಜಾಗ ಇಲ್ಲ, ಸೋಪು ಇಲ್ಲ ಅಂತ ಪುಟಗಟ್ಟಲೆ ಬರೆದೆವು. ಆಸ್ತಮಾ ಬಗ್ಗೆ ಒಂದೇ ಸಾಲು. ಸರ್ಕಾರಿ ವಕೀಲರು ಒಂದು ಹಾಳೆ ತೋರಿಸಿದರು. ಒಳಗೆ ಸೇರಿಸಿಕೊಂಡ ದಿನ ನರ್ಸ್ ತುಂಬಿದ ಫಾರಂ ಅದು. ಉಸಿರಾಟದ ತೊಂದರೆ ಇದೆಯಾ ಅನ್ನುವ ಕಡೆ ‘ಇಲ್ಲ’ ಅಂತ ಟಿಕ್. ಒಂಟಿ ಕೋಣೆಗೆ ಹಾಕುತ್ತಾರೆ ಅಂತ ಹೆದರಿ ಅವನೇ ಹಾಗೆ ಹೇಳಿದ್ದ. ಅವನ ಮೆಡಿಕಲ್ ಫೈಲನ್ನು ನಾವು ಮೊದಲೇ ತರಿಸಿ ಓದಿದ್ದರೆ ಆ ಟಿಕ್ ಕಣ್ಣಿಗೆ ಬೀಳುತ್ತಿತ್ತು. ಯಾಕೆ ಹಾಗೆ ಹೇಳಿದ ಅಂತ ಅವನ ಕೈಯಲ್ಲೇ ಹೇಳಿಕೆ ಬರೆಸಬಹುದಿತ್ತು. ಹಳೇ ಡಾಕ್ಟರ ಪತ್ರ, ಇನ್‌ಹೇಲರ್ ಬಿಲ್ಲು ಎಲ್ಲ ಮನೆಯಲ್ಲೇ ಇದ್ದವು, ಲಗತ್ತಿಸಿರಲಿಲ್ಲ. ಅರ್ಜಿ ವಜಾ ಆಯಿತು. ಎಲ್ಲ ಸೇರಿಸಿ ಮತ್ತೆ ಹಾಕುವಷ್ಟರಲ್ಲಿ ಅವನಿಗೆ ಕೋವಿಡ್ ಬಂದೇಬಿಟ್ಟಿತ್ತು.

ಹಾಗಾಗಿ ಯಾವ ತೀರ್ಪು ಅನ್ನೋದನ್ನು ಬಿಡಿ, ಮೊದಲು ಅಣ್ಣನ ಕಾಯಿಲೆಯನ್ನು ಕಾಗದದಲ್ಲಿ ತೋರಿಸಿ. ಇದು ಸಿವಿಲ್ ಕಸ್ಟಡಿ, ಶಿಕ್ಷೆ ಅಲ್ಲ. ಸರಿಯಾದ ಕಾನೂನು ಕ್ರಮ ಇಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಸಿಯಬಾರದು ಅನ್ನುವ ಅಮೆರಿಕದ ಸಂವಿಧಾನದ ಐದನೇ ತಿದ್ದುಪಡಿಯ ವಾದ ನಿಂತಿರುವುದೇ ಅದರ ಮೇಲೆ. ಆದರೆ ಈ ಮನುಷ್ಯನಿಗೆ ಅಪಾಯ ಎಷ್ಟು ಅಂತ ಜಡ್ಜ್‌ಗೆ ಕಾಣಬೇಕು ಅಲ್ವಾ? ಶುಗರ್ ರಿಪೋರ್ಟುಗಳು, ಒಳಗೆ ಇನ್ಸುಲಿನ್ ತಪ್ಪಿದ್ದರೆ ಆ ದಿನಾಂಕಗಳು, ಎಲ್ಲ ಬೇಕು.

ಬಾಂಡ್ ವಿಚಾರಣೆವರೆಗೆ (ಹಣ ಕಟ್ಟಿಸಿಕೊಂಡು ಬಿಡಬಹುದಾ ಅಂತ ಇಮಿಗ್ರೇಷನ್ ಜಡ್ಜ್ ನೋಡುವ ವಿಚಾರಣೆ) ಕಾಯಿರಿ ಅಂತ ವಕೀಲರು ಹೇಳಿದರೆ ಒಪ್ಪಬೇಡಿ. ಒಳಗಿನ ಸ್ಥಿತಿಗತಿಯ ದೂರನ್ನು ಇಮಿಗ್ರೇಷನ್ ಜಡ್ಜ್ ತೀರ್ಮಾನಿಸಲ್ಲ, ಅದಕ್ಕೆ ಫೆಡರಲ್ ಕೋರ್ಟೇ ಬೇಕು. ಅಲ್ಲಿ ಕೇಸು ನಡೆಸಿದ ಅನುಭವ ಇದೆಯಾ ಅಂತ ನೇರವಾಗಿ ಕೇಳಿ. ಅಣ್ಣ ಇವತ್ತೇ ತನ್ನ ಮೆಡಿಕಲ್ ಫೈಲ್ ಬೇಕು ಅಂತ ಲಿಖಿತವಾಗಿ ಕೇಳಲಿ, ದಿನಾಂಕ ಹಾಕಿ ಒಂದು ಕಾಪಿ ಇಟ್ಟುಕೊಳ್ಳಲಿ.