‘ಅವನೇ ಎಲ್ಲ ಮಾಡಿಕೊಳ್ಳುತ್ತಾನೆ’ ಎಂದ ತಾಯಿ: ಒಂದು ಆಪ್ತಸಲಹೆ ಪ್ರಕರಣ

ಈ ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಲೆನಾಡಿನ ಒಂದು ತಾಲ್ಲೂಕಿನಿಂದ ಆ ದಂಪತಿ ನನ್ನಲ್ಲಿಗೆ ಬಂದಾಗ ಬೌದ್ಧಿಕ ಅಂಗವೈಕಲ್ಯವಿರುವ ಅವರ ಮಗನಿಗೆ 26 ವರ್ಷ. ತಂದೆ ಅಡಿಕೆ ಕೊನೆ ತೆಗೆಯುವ ಕೆಲಸ ಮಾಡುತ್ತಿದ್ದವರು, ಮೊಣಕಾಲು ಸೋತ ಮೇಲೆ ಮನೆಯಲ್ಲೇ ಉಳಿದಿದ್ದರು. ತಾಯಿಯ ಹೊಲಿಗೆಯ ಆದಾಯದಲ್ಲಿ ಸಂಸಾರ ನಡೆಯುತ್ತಿತ್ತು. ಹಿರಿಯ ಮಗಳು ಮದುವೆಯಾಗಿ ಬೆಂಗಳೂರಿನಲ್ಲಿದ್ದಾಳೆ. ಇಷ್ಟು ವರ್ಷ ಅಂಗವಿಕಲರ ಮಾಸಾಶನಕ್ಕೆ ಏಕೆ ಅರ್ಜಿ ಹಾಕಲಿಲ್ಲವೆಂದು ಕೇಳಿದಾಗ ತಂದೆ ತಲೆ ತಗ್ಗಿಸಿ, “ಕೈಕಾಲು ಗಟ್ಟಿ ಇರುವವರೆಗೆ ನಾವೇ ನೋಡಿಕೊಳ್ಳೋಣ ಅಂತ ಇದ್ವಿ ಮೇಡಂ, ಸರ್ಕಾರದ ಮುಂದೆ ಕೈ ಚಾಚೋದು ಬೇಡ ಅಂತ” ಎಂದರು.

ಅವರ ಬಳಿಯಿದ್ದ ಏಕೈಕ ದಾಖಲೆ, ಮಗನಿಗೆ 12 ವರ್ಷವಾಗಿದ್ದಾಗ ವಿದ್ಯಾರ್ಥಿವೇತನಕ್ಕೆಂದು ಪಡೆದ, ಶೇ 50ರಷ್ಟು ಅಂಗವೈಕಲ್ಯವಿದೆಯೆಂಬ ತಾತ್ಕಾಲಿಕ ಪ್ರಮಾಣಪತ್ರ; ಅದರ ಅವಧಿ ಎಂದೋ ಮುಗಿದಿತ್ತು. 2018ರ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಬೌದ್ಧಿಕ ಅಂಗವೈಕಲ್ಯದ ಪ್ರಮಾಣಪತ್ರವನ್ನು 5, 10 ಮತ್ತು 18ನೇ ವಯಸ್ಸಿನಲ್ಲಿ ನವೀಕರಿಸಬೇಕಿತ್ತು, 18ರಲ್ಲಿ ಕೊಟ್ಟದ್ದು ಜೀವನಪರ್ಯಂತ ನಡೆಯುತ್ತಿತ್ತು. ಆ ಕೊನೆಯ ನವೀಕರಣವನ್ನೇ ಮಾಡಿಸದೆ ಬಿಡುವ ಕುಟುಂಬಗಳನ್ನು ನಾನು ಮೇಲಿಂದ ಮೇಲೆ ಕಾಣುತ್ತೇನೆ, ಏಕೆಂದರೆ ಹುಡುಗ ಶಾಲೆ ಬಿಟ್ಟ ಮೇಲೆ ಕಾಗದವನ್ನು ಕೇಳುವವರೇ ಇರುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಯುಡಿಐಡಿ, ಅಂದರೆ ವಿಶಿಷ್ಟ ಗುರುತಿನ ಚೀಟಿಗಾಗಿ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ ಹೊಸದಾಗಿ ತಪಾಸಣೆ ಮಾಡಿಸುವುದಾಗಿತ್ತು. ಅರ್ಜಿಗೆ ಶುಲ್ಕವಿಲ್ಲವೆಂದೂ, ಮಾಡಿಸಿಕೊಡುತ್ತೇನೆಂದು ಹಣ ಕೇಳುವವರ ಬಳಿ ಹೋಗದೆ ತಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಬೇಕೆಂದೂ ಹೇಳಿದೆ. ಆದರೆ ತೊಡಕು ಕಾಗದಕ್ಕಿಂತ ತಾಯಿಯ ಮಾತಿನಲ್ಲಿತ್ತು. ಮಗನ ದಿನಚರಿಯ ಬಗ್ಗೆ ನಾನು ಏನು ಕೇಳಿದರೂ ಅವರ ಉತ್ತರ ಒಂದೇ: “ಅವನೇ ಎಲ್ಲ ಮಾಡಿಕೊಳ್ಳುತ್ತಾನೆ ಮೇಡಂ, ಯಾರಿಗೂ ತೊಂದರೆ ಕೊಡುವವನಲ್ಲ.” ಸ್ನಾನ ಮಾಡುತ್ತಾನೆಯೇ? ಮಾಡುತ್ತಾನೆ. ಅಂಗಡಿಗೆ ಹೋಗುತ್ತಾನೆಯೇ? ಹೋಗುತ್ತಾನೆ. ಇನ್ನಷ್ಟು ಕೆದಕಿದಾಗ ತಿಳಿದದ್ದೇನೆಂದರೆ, ಬಿಸಿನೀರು ಎಷ್ಟು ಬಿಸಿಯೆಂಬುದು ಗೊತ್ತಾಗದ ಕಾರಣ ತಾಯಿಯೇ ಹದ ಮಾಡಿ ಕೊಡಬೇಕು; ಅಂಗಡಿಯವನಿಗೆ ಚೀಟಿ ಕೊಟ್ಟು ಸಾಮಾನು ತರುತ್ತಾನೆ, ಆದರೆ ಹತ್ತರ ನೋಟೂ ಐನೂರರ ನೋಟೂ ಅವನಿಗೆ ಒಂದೇ; ಒಮ್ಮೆ ಬೇರೆ ಬಸ್ಸು ಹತ್ತಿ ಕತ್ತಲಾಗುವವರೆಗೂ ಸಿಕ್ಕಿರಲಿಲ್ಲ.

ಆ ತಾಯಿ ಸುಳ್ಳು ಹೇಳುತ್ತಿರಲಿಲ್ಲ. ಇಪ್ಪತ್ತಾರು ವರ್ಷಗಳಿಂದ ನೆಂಟರ, ನೆರೆಯವರ ಎದುರು ಮಗನ ಮಾನ ಕಾಪಾಡುತ್ತ ಬಂದ ಮಾತೇ ಅಭ್ಯಾಸವಾಗಿ, ವೈದ್ಯರ ಎದುರಿನಲ್ಲೂ ಅದೇ ಬರುತ್ತಿತ್ತು. ಆದರೆ ಶೇಕಡಾವಾರು ಪ್ರಮಾಣ ನಿರ್ಧಾರವಾಗುವುದು ಬುದ್ಧಿಮತ್ತೆಯ ಪರೀಕ್ಷೆಯಿಂದಷ್ಟೇ ಅಲ್ಲ. ದಿನನಿತ್ಯದ ಬದುಕನ್ನು ಎಷ್ಟರ ಮಟ್ಟಿಗೆ ತಾನೇ ನಿಭಾಯಿಸುತ್ತಾನೆಂಬುದನ್ನು ಮನೆಯವರನ್ನೇ ಕೇಳಿ ಅಳೆಯುವ ವೈನ್‌ಲ್ಯಾಂಡ್ ಮಾಪನವೂ ಅದರಲ್ಲಿದೆ. ಆ ಮಾಪನದಲ್ಲಿ 55ರಿಂದ 69 ಅಂಕ ಬಂದರೆ ಶೇ 50, 36ರಿಂದ 54 ಬಂದರೆ ಶೇ 75 ಎಂದು 2018ರ ಆ ಮಾರ್ಗಸೂಚಿ ಹೇಳಿತ್ತು. ಮಾಸಾಶನದ ಮೊತ್ತವೂ ಪ್ರಮಾಣಕ್ಕೆ ತಕ್ಕಂತೆ ಬದಲಾಗುವುದರಿಂದ, ತಾಯಿಯ ಹತ್ತು ಹನ್ನೆರಡು ಉತ್ತರಗಳ ಮೇಲೆ ಮಗನ ಮುಂದಿನ ಬದುಕು ನಿಂತಿತ್ತು.

ಒಂದು ವಾರದ ಮಟ್ಟಿಗೆ ನೋಟುಬುಕ್ಕಿನಲ್ಲಿ ಬರೆದಿಡಲು ಹೇಳಿದೆ: ಬೆಳಿಗ್ಗೆ ಎದ್ದಾಗಿನಿಂದ ಯಾವ ಕೆಲಸವನ್ನು ಮಗನೇ ಮಾಡಿದ, ಯಾವುದಕ್ಕೆ ಎಷ್ಟು ಸಲ ನೆನಪಿಸಬೇಕಾಯಿತು, ಯಾವುದನ್ನು ತಾವೇ ಮಾಡಿದಿರಿ ಎಂದು. ಹೆಚ್ಚಿಸಿ ಬರೆಯಬಾರದು, ಮುಚ್ಚಿಯೂ ಬರೆಯಬಾರದು, ತಪಾಸಣೆಯ ದಿನ ಅದನ್ನು ನೋಡಿಕೊಂಡೇ ಉತ್ತರಿಸಬೇಕು. ಪ್ರಮಾಣ ಒಪ್ಪಿಗೆಯಾಗದಿದ್ದರೆ 90 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದೆಂದೂ ತಿಳಿಸಿದೆ. ನೋಟುಬುಕ್ಕನ್ನು ತಂದು ತೋರಿಸಿದಾಗ ಆ ತಾಯಿ ಬಹಳ ಹೊತ್ತು ಅತ್ತರು. ಬರೆಯುವ ತನಕ ತಾನು ಇಷ್ಟು ಮಾಡುತ್ತಿದ್ದೇನೆಂದು ಅವರಿಗೇ ಗೊತ್ತಿರಲಿಲ್ಲ. ಆ ಭೇಟಿಯಲ್ಲಿ ಅರ್ಜಿಯ ಮಾತೇ ಎತ್ತಲಿಲ್ಲ.

ತಂದೆಯ ಅಳುಕಿಗೆ ನಾನು ಹೆಚ್ಚು ವಾದಿಸಲಿಲ್ಲ. ಹಳ್ಳಿಯಲ್ಲಿ ಜನ ಇದನ್ನು ‘ಅಂಗವಿಕಲ ವೇತನ’ ಎನ್ನುತ್ತಾರಲ್ಲ, ಆ ಮಾತೇ ಸರಿಯಾಗಿದೆ, ಅದು ನಿಮ್ಮ ಹೆಸರಿಗಲ್ಲ, ಮಗನ ಹೆಸರಿಗೆ ಬರುವುದು ಎಂದಷ್ಟೇ ಹೇಳಿದೆ. ಮರುವಾರ ಆದಾಯ ಪ್ರಮಾಣಪತ್ರಕ್ಕೆಂದು ನಾಡಕಚೇರಿಗೆ ಅವರೇ ಹೋಗಿ ಬಂದಿದ್ದರು.

ಪ್ರಮಾಣಪತ್ರ ಶೇ 75ಕ್ಕೆ ಬಂತು. ಮುಂದಿನ ಪ್ರಶ್ನೆ ಬ್ಯಾಂಕ್ ಖಾತೆಯದು, ಅಲ್ಲಿ ದಂಪತಿಗೆ ಅನಿರೀಕ್ಷಿತವಾದ ಸಂಗತಿ ಎದುರಾಯಿತು: 18 ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನಿನ ಪ್ರಕಾರ ಪೋಷಕರಾಗಿ ಮುಂದುವರಿಯುವುದಿಲ್ಲ. “ಹೆತ್ತವರೇ ಪೋಷಕರಲ್ಲ ಅಂದರೆ ಏನರ್ಥ?” ಎಂದು ತಂದೆ ಸಿಟ್ಟಾದದ್ದು ಸಹಜವೇ. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಹಾಗೂ ಬಹುವಿಧ ಅಂಗವೈಕಲ್ಯವಿರುವವರಿಗೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿಯಿರುವ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ, ಆ ಪತ್ರವನ್ನು ಖಾತೆ ತೆರೆಯಲು ಬ್ಯಾಂಕುಗಳು ಒಪ್ಪಬಹುದೆಂದು ರಿಸರ್ವ್ ಬ್ಯಾಂಕ್ ತಿಳಿಸಿದೆ. ಅದೇ ನ್ಯಾಸದ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ, ಅದಕ್ಕೂ ಅರ್ಜಿ ಹಾಕಿಸಿದೆ. ತಂದೆಗೆ ನೌಕರರ ಪಿಂಚಣಿ ಯೋಜನೆಯ ಪಿಎಫ್ ಪಿಂಚಣಿ ಇದ್ದಿದ್ದರೆ, ಪೂರ್ಣ ಮತ್ತು ಶಾಶ್ವತ ಅಂಗವೈಕಲ್ಯವಿರುವ ಮಕ್ಕಳಿಗೆ ವಯಸ್ಸಿನ ಮಿತಿಯಿಲ್ಲದೆ ಸಿಗುವ ಪಿಂಚಣಿಯನ್ನೂ ನೋಡಬೇಕಿತ್ತು. ಇವರಿಗೆ ಅದು ಅನ್ವಯಿಸಲಿಲ್ಲ.

ಪೋಷಕತ್ವದ ಅರ್ಜಿಗೆ ಸಹಿ ಹಾಕುವ ಮೊದಲು ಮಗಳನ್ನು ಕರೆಸಿಕೊಳ್ಳಬೇಕೆಂದು ಒತ್ತಾಯಿಸಿದೆ. ತಮ್ಮ ನಂತರ ಯಾರು ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಮಗಳ ಸಂಸಾರಕ್ಕೆ ಭಾರವಾಗಬಾರದೆಂದು ತಾಯಿ, ಅಳಿಯನಿಗೆ ಏನನ್ನಿಸುತ್ತದೋ ಎಂದು ತಂದೆ. ಮಗಳು ಒಂದು ಭಾನುವಾರ ಬಂದಳು. ತಾನು ಎಷ್ಟು ಹೊಣೆ ಹೊರಬಲ್ಲೆ, ಎಷ್ಟು ಆಗದು ಎಂಬುದನ್ನು ನೇರವಾಗಿಯೇ ಹೇಳಿ, ಸದ್ಯಕ್ಕೆ ತಂದೆತಾಯಿ ಇಬ್ಬರೂ ಪೋಷಕರಾಗಲಿ, ಮುಂದಿನದನ್ನು ಆಮೇಲೆ ಮತ್ತೆ ಕೂತು ಮಾತನಾಡೋಣ ಎಂದಳು. ಹೊರಡುವಾಗ ತಾಯಿಯ ನೋಟುಬುಕ್ಕಿನ ಎಲ್ಲ ಪುಟಗಳನ್ನೂ ಫೋನಿನಲ್ಲಿ ಫೋಟೊ ತೆಗೆದುಕೊಂಡಳು.

ಸಮಿತಿಯ ವಿಚಾರಣೆ ಇನ್ನೂ ಬಾಕಿಯಿದೆ. ಆ ದಿನ ಮಗನನ್ನೂ ಜೊತೆಗೆ ಕರೆತನ್ನಿ, ಅವನ ಬಗ್ಗೆ ತೀರ್ಮಾನವಾಗುವಾಗ ಅವನೂ ಅಲ್ಲಿರಲಿ, ಕೇಳಿದ್ದಕ್ಕೆ ಅವನೇ ಉತ್ತರ ಕೊಡಲಿ, ನೀವು ನಡುವೆ ಬಾಯಿ ಹಾಕಬೇಡಿ ಎಂದು ತಾಯಿಗೆ ಹೇಳಿ ಕಳುಹಿಸಿದ್ದೇನೆ.